ಪ್ರಿಂಟರ್ ಇಲ್ಲದ ಮನೆ

"ಹೊಡೀಬೇಡಿ ಅದನ್ನ. ಅದರದ್ದೇನೂ ತಪ್ಪಿಲ್ಲ."

ಎತ್ತಿದ ಕೈ ಗಾಳಿಯಲ್ಲೇ ನಿಂತಿತು. ಕಂಪ್ಯೂಟರಿನ ಡಬ್ಬಿಗೆ ಆಗಲೇ ಎರಡು ಗುದ್ದು ಬಿದ್ದಿದ್ದವು, ಮೂರನೆಯದು ದಾರಿಯಲ್ಲಿತ್ತು. ಅವಳು ತಿರುಗಿ ನೋಡಿದಳು. ಕೋಣೆಯ ಬಾಗಿಲಲ್ಲಿ ಗುರುತಿಲ್ಲದ ಯುವಕನೊಬ್ಬ ನಿಂತಿದ್ದ. ಹೆಗಲಿಗೆ ಚೀಲ, ಅಂಗಿಯ ಜೇಬಿನಲ್ಲಿ ಪೆನ್ನು ಇರಬೇಕಾದ ಕಡೆ ಬಣ್ಣ ಬಳಿಯುವ ಬ್ರಷ್ಷು.

ಅಯ್ಯೋ, ಎಲ್ಲ ನೋಡಿಬಿಟ್ಟನಲ್ಲ...

ಬೇರೆ ಹುಡುಗಿಯಾಗಿದ್ದರೆ ನಾಚಿ ನೀರಾಗುತ್ತಿದ್ದಳು. ನಮ್ಮವಳಿಗೆ ನಾಚಿಕೆಗಿಂತ ಮೊದಲು ಬರುವುದು ಸಿಟ್ಟು. ಅದು ಯಾವಾಗಲೂ ಮೂಗಿನ ತುದಿಯಲ್ಲೇ ಕೂತಿರುತ್ತದೆ.

"ನನ್ನ ಕಂಪ್ಯೂಟರ್. ಹೊಡೀತೀನಿ, ಬಿಡ್ತೀನಿ. ನಿಮಗೇನು?"

"ನಂಗೇನಿಲ್ಲ. ರಿಪೇರಿ ಮಾಡೋನು ನಾನು. ನೀವು ಹೊಡೆದಷ್ಟೂ ಕೆಲಸ ಜಾಸ್ತಿ," ಎಂದು ಅವನು ಚೀಲ ಕೆಳಗಿಟ್ಟ.

ಅವನ ಬೆನ್ನ ಹಿಂದಿನಿಂದ ಅತ್ತಿಗೆ ಇಣುಕಿ, ಅಂಗಡಿಗೆ ಫೋನ್ ಮಾಡಿ ಕರೆಸಿದ್ದು ತಾನೇ ಎಂದು ಒಪ್ಪಿಕೊಂಡಳು. ಅಣ್ಣ ಬರುವುದರೊಳಗೆ ಕೆಲಸ ಮುಗಿದುಹೋಗಲಿ ಎಂದೂ ಮೆಲ್ಲಗೆ ಸೇರಿಸಿದಳು. ಕಂಪ್ಯೂಟರಿನ ಮಾತು ಬಂದಾಗಲೆಲ್ಲ ಅಣ್ಣ "ನಾನೇ ನೋಡ್ತೀನಿ" ಎನ್ನುತ್ತಿದ್ದ. ನೋಡುತ್ತಲೂ ಇದ್ದ. ನೋಡಿ ಹೋದ ಮೇಲೆ ಅದು ಇನ್ನಷ್ಟು ನಿಧಾನವಾಗುತ್ತಿತ್ತು.

ಮನೆಯಲ್ಲಿ ಅವಳ ಹೆಸರು ಪುಟ್ಟಿ. ಇಪ್ಪತ್ತೇಳು ತುಂಬಿದರೂ ಪುಟ್ಟಿಯೇ. ಕೆಲಸ ಮನೆಗಳ ನಕ್ಷೆ ಬಿಡಿಸುವುದು. ಎರಡನೇ ಮಹಡಿಯ ಈ ಕೋಣೆಯಲ್ಲಿ ಕೂತು ಯಾರ್‍ಯಾರದ್ದೋ ಮನೆಗೆ ಬಾಗಿಲು, ಕಿಟಕಿ, ಮೆಟ್ಟಿಲು ಬಿಡಿಸಿ ಕಟ್ಟಡದ ಕಂಟ್ರಾಕ್ಟರನಿಗೆ ಕಳಿಸುತ್ತಾಳೆ. ಆ ಮನೆಗಳಲ್ಲಿ ಒಂದನ್ನೂ ಅವಳು ಕಣ್ಣಾರೆ ಕಂಡಿಲ್ಲ.

ಹಾಗಂತ ಅವಳನ್ನು ಯಾರೂ ಕೂಡಿಹಾಕಿರಲಿಲ್ಲ. ಚಪ್ಪಲಿ ಹಾಕಿಕೊಂಡರೆ ಸಾಕು, "ಎಲ್ಲಿಗೆ ಪುಟ್ಟಿ? ಏನು ಬೇಕು ಹೇಳು, ನಾನೇ ತಂದುಕೊಡ್ತೀನಿ," ಎಂದು ಅಣ್ಣ ಎದ್ದು ನಿಲ್ಲುತ್ತಿದ್ದ. ಅವನು ಗದರಿಸಿದ್ದರೆ ಜಗಳವಾದರೂ ಆಡಬಹುದಿತ್ತು. ಅಷ್ಟು ಪ್ರೀತಿಯಿಂದ ಕೇಳುವವನ ಹತ್ತಿರ ಏನಂತ ಜಗಳವಾಡುವುದು? ಅವಳು ಚಪ್ಪಲಿ ಬಿಚ್ಚಿ ವಾಪಸ್ ಕೋಣೆಗೆ ಬರುತ್ತಿದ್ದಳು.

ರಿಪೇರಿಯವನು ಡಬ್ಬಿಯ ಪಕ್ಕದ ತಗಡು ಬಿಚ್ಚಿದ. ಒಳಗಿನ ಫ್ಯಾನಿನ ಮೇಲೆ ಧೂಳು ಕಂಬಳಿಯಂತೆ ಕೂತಿತ್ತು. ಜೇಬಿನ ಬ್ರಷ್ಷು ತೆಗೆದು, ಮಗುವಿನ ಕಿವಿ ಒರೆಸುವವನ ಹಾಗೆ ಹಗುರವಾಗಿ ಕೆಡವತೊಡಗಿದ. ಬೀದಿಯಲ್ಲಿ ಎಲ್ಲರೂ ತನ್ನನ್ನು 'ಬ್ರಷ್' ಎಂದೇ ಕರೆಯುತ್ತಾರೆ, ಅಪ್ಪ ಅಮ್ಮ ಇಟ್ಟ ಹೆಸರು ಈಗ ರೇಷನ್ ಕಾರ್ಡಿಗೆ ಮಾತ್ರ, ಎಂದು ತಾನಾಗೇ ಹೇಳಿದ. ಅವಳಿಗೆ ನಗು ಬಂತು. ಸಿಟ್ಟಿನಲ್ಲಿದ್ದೇನಲ್ಲ ಎಂದು ನೆನಪಾಗಿ ತುಟಿ ಕಚ್ಚಿಕೊಂಡಳು.

"ಇಲ್ಲಿ ನೋಡಿ. ಬಿಸಿಯಾದ್ರೆ ಇದು ಪ್ರಾಣ ಉಳಿಸ್ಕೊಳ್ಳೋಕೆ ತಾನೇ ನಿಧಾನ ಆಗುತ್ತೆ. ಅದು ಒಂದು. ಇನ್ನೊಂದು, ಮೆಮೊರಿ. ಮೆಮೊರಿ ಅಂದ್ರೆ ನಿಮ್ಮ ಮೇಜು ಅಂದ್ಕೊಳ್ಳಿ. ಇರೋದೇ ಚಿಕ್ಕ ಮೇಜು. ಅದರ ಮೇಲೆ ಊರವರೆಲ್ಲ ಸಾಮಾನು ಹರಡಿ ಕೂತಿದ್ರೆ ನೀವು ನಕ್ಷೆ ಎಲ್ಲಿ ಬಿಡಿಸ್ತೀರಿ?"

ಕೀಬೋರ್ಡಿನ ಮೂರು ಕೀಲಿ ಒಟ್ಟಿಗೆ ಒತ್ತಿದರೆ ಒಂದು ಪಟ್ಟಿ ಬರುತ್ತದೆ ಎಂದು ತೋರಿಸಿಕೊಟ್ಟ. ಈಗ ಯಾವ್ಯಾವ ಪ್ರೋಗ್ರಾಮ್ ಓಡುತ್ತಿದೆ, ಯಾವುದು ಎಷ್ಟು ಮೆಮೊರಿ ತಿನ್ನುತ್ತಿದೆ, ಎಲ್ಲ ಅದರಲ್ಲಿ. 'ಮೆಮೊರಿ' ಎನ್ನುವ ತಲೆಬರಹ ಒತ್ತಿದರೆ ಹೆಚ್ಚು ತಿನ್ನುವ ಹೊಟ್ಟೆಬಾಕನೇ ಮೇಲೆ ಬರುತ್ತಾನೆ. ಅವಳು ಯಾವತ್ತೋ ಹಾಕಿ ಮರೆತಿದ್ದ ಹಾಡಿನ ಪ್ರೋಗ್ರಾಮು, ಅತ್ತಿಗೆಯ ಇಸ್ಪೀಟಾಟ, ಕರೆಯದೆ ಬಂದು ಕೂತಿದ್ದ ಇನ್ನೂ ಏನೇನೋ... ಕಂಪ್ಯೂಟರ್ ಆನ್ ಆದ ಕೂಡಲೇ ತಾನಾಗಿ ಎದ್ದು ಕೂರುವ ಇವುಗಳನ್ನೆಲ್ಲ ಒಂದೊಂದಾಗಿ ಬಂದ್ ಮಾಡಿಸಿದ. ಅವಳ ಕೈಯಿಂದಲೇ ಮಾಡಿಸಿದ. ಅದು ಅವಳಿಗೆ ಹಿಡಿಸಿತು.

ಒಂದು ಮಾತ್ರ ಬಂದ್ ಮಾಡಿದಷ್ಟೂ ಮತ್ತೆ ಎದ್ದು ಬರುತ್ತಿತ್ತು. ಹೆಸರು, 'ಪ್ರಿಂಟರ್ ಹೆಲ್ಪರ್'.

"ಮನೇಲಿ ಪ್ರಿಂಟರ್ ಇದೆಯಾ?"

"ಇಲ್ಲ. ಯಾವತ್ತೂ ಇರ್ಲಿಲ್ಲ."

ಅವನ ಬೆರಳು ನಿಂತಿತು. ಪರದೆಯ ಮೂಲೆಯಲ್ಲಿ ಏನನ್ನೋ ದಿಟ್ಟಿಸಿದ. ಆಮೇಲೆ ಬಾಗಿಲಲ್ಲಿ ಚಹಾ ಹಿಡಿದು ನಿಂತಿದ್ದ ಅತ್ತಿಗೆಯನ್ನು ನೋಡಿದ. ಅಲ್ಲಿಯವರೆಗೆ ಅರಳು ಹುರಿದಂತೆ ಮಾತಾಡುತ್ತಿದ್ದವನ ಬಾಯಿ ಕಟ್ಟಿತು.

"ಇದನ್ನ ಅಂಗಡಿಗೆ ತರಬೇಕಾಗುತ್ತೆ," ಎಂದ, ದನಿ ತಗ್ಗಿಸಿ. "ಬೇರೆಯವರ ಕೈಲಿ ಕಳಿಸ್ಬೇಡಿ. ನೀವೇ ಬನ್ನಿ. ಒಬ್ಬರೇ ಬನ್ನಿ."

ಒಬ್ಬಳೇ ಬರಬೇಕಂತೆ! ಎಷ್ಟು ಕೊಬ್ಬು...

"ಯಾಕೆ, ನಿಮ್ಮ ಅಂಗಡೀಲಿ ಇಬ್ಬರಿಗೆ ಜಾಗ ಇಲ್ವಾ?" ಎಂದು ಅವಳು ಚುಚ್ಚಿದಳು. ಅವನು ತಗಡು ಮುಚ್ಚಿ, ಇನ್ನೊಂದು ಮೆಮೊರಿ ಪಟ್ಟಿ ತರಿಸಿ ಹಾಕಿಕೊಡುವುದಾಗಿ ಹೇಳಿ ಹೋದ.

ಕೊಬ್ಬೋ ಏನೋ, ಕೆಲಸ ಮಾತ್ರ ಅಚ್ಚುಕಟ್ಟು. ಅಂದಿನಿಂದ ಕಂಪ್ಯೂಟರ್ ಸ್ವಲ್ಪ ಸಲೀಸಾಗಿ ಉಸಿರಾಡತೊಡಗಿತು. ಅದು ಅವಳಿಗೆ ಬೇಕೇ ಬೇಕಿತ್ತು. ಏಕೆಂದರೆ ಮನೆಯಲ್ಲಿ ಯಾರಿಗೂ ಗೊತ್ತಿಲ್ಲದ ಒಂದು ಕೆಲಸ ಅವಳು ನಡೆಸಿದ್ದಳು. ಬೇರೆ ಊರಿನ ದೊಡ್ಡ ನಕ್ಷೆ ಕಚೇರಿಯೊಂದು ಅವಳಿಗೆ ಪರೀಕ್ಷೆ ಇಟ್ಟಿತ್ತು. ಒಂದು ಶಾಲೆಯ ಪೂರ್ತಿ ನಕ್ಷೆ ಬಿಡಿಸಿ ಶುಕ್ರವಾರ ಸಂಜೆಯೊಳಗೆ ಕಳಿಸಬೇಕು. ಮೆಚ್ಚಿದರೆ ಕೆಲಸ. ಕೆಲಸ ಸಿಕ್ಕರೆ ತನ್ನದೇ ಬದುಕು, ತಾನೇ ತಂದುಕೊಳ್ಳುವ ತರಕಾರಿ, ತಾನೇ ಹಾಕಿ ತಾನೇ ತೆಗೆಯುವ ಬೀಗ! ಆದರೆ ಆ ಫೈಲು ಎಷ್ಟು ದೊಡ್ಡದೆಂದರೆ ತೆರೆಯುವಷ್ಟರಲ್ಲಿ ಕಂಪ್ಯೂಟರ್ ಕಣ್ಣು ಮೇಲೆ ಮಾಡುತ್ತಿತ್ತು. ಅವತ್ತು ಗುದ್ದು ಬಿದ್ದದ್ದೂ ಅದಕ್ಕೇ.

ಗಡುವಿನ ವಾರದ ಮೊದಲಲ್ಲಿ ಅವನು ಮತ್ತೆ ಬಂದ. ಬೆರಳುದ್ದದ ಹಸಿರು ಮೆಮೊರಿ ಪಟ್ಟಿಯೊಂದನ್ನು ಡಬ್ಬಿಯೊಳಗಿನ ಖಾಲಿ ಸಂದಿಯಲ್ಲಿ ಕೂರಿಸಿ, ಎರಡೂ ಹೆಬ್ಬೆರಳಿಂದ ಒತ್ತಿದ. ಕಟ್ ಎಂದಿತು. ಆನ್ ಮಾಡಿದರೆ ಶಾಲೆಯ ನಕ್ಷೆ ಒಂದೇ ಏಟಿಗೆ ತೆರೆದುಕೊಂಡಿತು... ತರಗತಿಗಳು, ಉದ್ದನೆಯ ಜಗಲಿ, ಆಟದ ಬಯಲು!

ಅವಳು ಚಪ್ಪಾಳೆ ತಟ್ಟಿಬಿಟ್ಟಳು. ಅವನು ಪರದೆ ನೋಡುವುದು ಬಿಟ್ಟು ಅವಳನ್ನೇ ನೋಡಿದ.

"ಇಷ್ಟೊಂದು ಕಿಟಕಿ ಯಾರಿಡ್ತಾರೆ ಶಾಲೆಗೆ?" ಎಂದು ಕೇಳಿದ.

"ನಾನಿಡ್ತೀನಿ. ಪಾಠ ಬೇಜಾರಾದ್ರೆ ಮಕ್ಕಳು ಹೊರಗೆ ನೋಡ್ಲಿ ಪಾಪ."

ಅವನು ನಕ್ಕ. ಆ ನಗುವಿನ ಸಲಿಗೆಯಲ್ಲಿ ಅವಳು ಯಾರಿಗೂ ಹೇಳದ್ದನ್ನು ಹೇಳಿಬಿಟ್ಟಳು. ಬೇರೆ ಊರಿನ ಕೆಲಸ, ಶುಕ್ರವಾರದ ಗಡುವು, ಅಣ್ಣನಿಗೆ ತಿಳಿದರೆ ಆಗುವುದಿಲ್ಲ ಎನ್ನುವುದು... ಹೇಳುತ್ತ ಹೋದಂತೆ ಅವನ ಮುಖ ಸಣ್ಣದಾಯಿತು. ಇಲ್ಲಿ ಕೂತು ಇದನ್ನೆಲ್ಲ ಹೇಳಬೇಡಿ ಎಂದು ಸನ್ನೆ ಮಾಡಿದ. ಹೊರಡುವಾಗ ಮತ್ತೆ ಅದೇ ಮಾತು. "ಒಂದು ಸಲ ಅಂಗಡಿಗೆ ಬನ್ನಿ. ನಿಮ್ಮ ಹತ್ರ ಹೇಳೋದಿದೆ."

ಈ ಸಲ ಅವಳಿಗೆ ಸಿಟ್ಟು ಬರಲಿಲ್ಲ. ಹೇಳೋದಿದೆಯಂತೆ... ಏನಿರಬಹುದು? ಕನ್ನಡಿಯಲ್ಲಿ ಮುಖ ನೋಡಿಕೊಂಡಳು. ನಾಳೆ ಏನಾದರೂ ನೆಪ ಹೇಳಿ ಹೋಗಿಯೇ ಬಿಡಬೇಕು ಎಂದುಕೊಂಡಳು.

ಆ ನಾಳೆ ಬರಲಿಲ್ಲ. ಅವತ್ತೇ ಸಂಜೆ ಅಣ್ಣ ಕಚೇರಿಯಿಂದ ಬಂದವನು ಬೂಟು ಕೂಡ ಬಿಚ್ಚದೆ ಅವಳ ಕೋಣೆಗೆ ಬಂದು ಮಂಚದ ತುದಿಯಲ್ಲಿ ಕೂತ.

"ಆ ಊರಿನ ಕೆಲಸ ಬೇಡ ಪುಟ್ಟಿ," ಎಂದ, ಬೆಣ್ಣೆಯಂಥ ದನಿಯಲ್ಲಿ. "ಹಾಸ್ಟೆಲಂತೆ, ಒಂದು ಕೋಣೇಲಿ ನಾಲ್ಕು ಜನ ಅಂತೆ. ನಿನಗ್ಯಾಕೆ ಆ ಕಷ್ಟ? ಇಲ್ಲಿ ಏನು ಕಮ್ಮಿಯಾಗಿದೆ?"

ಅಣ್ಣನಿಗೆ ಹೇಗೆ ಗೊತ್ತಾಯಿತು? ಅತ್ತಿಗೆಗೂ ಹೇಳಿರಲಿಲ್ಲ. ಇಡೀ ಜಗತ್ತಿನಲ್ಲಿ ಒಬ್ಬನಿಗೆ ಮಾತ್ರ ಹೇಳಿದ್ದಳು. ಆ ಒಬ್ಬ...

ಮರುದಿನ ಅಣ್ಣ ಹೊರಟ ಮೇಲೆ, ಕೋಣೆಯಲ್ಲೇ ಕೂತು ಅಂಗಡಿಗೆ ಫೋನ್ ಮಾಡಿದಳು. ನಂಬಿ ಹೇಳಿದ ಮಾತನ್ನು ಸಂಜೆಯಾಗುವುದರೊಳಗೆ ಮಾರಿಕೊಂಡಿರಲ್ಲ ಎಂದು ಕೇಳಿದಳು. ತಾನು ಯಾರಿಗೂ ಹೇಳಿಲ್ಲ ಎಂದು ಅವನು ಅಂದ.

"ಮತ್ಯಾರು ಹೇಳಿದ್ದು? ಈ ಗೋಡೆ ಹೇಳ್ತಾ?"

"ನೀವೀಗ ಎಲ್ಲಿಂದ ಮಾತಾಡ್ತಿದೀರಿ? ಕಂಪ್ಯೂಟರ್ ಮುಂದಿನಿಂದಾನಾ?" ಎಂದ. ಅವಳು ಹೌದೆಂದಾಗ, "ಹಾಗಾದ್ರೆ ಇಲ್ಲಿಗೇ ಬನ್ನಿ. ದಯವಿಟ್ಟು," ಎಂದಷ್ಟೇ ಹೇಳಿದ.

"ಬರಲ್ಲ. ನೀವೂ ಇನ್ನು ಈ ಮನೆ ಮೆಟ್ಟಿಲು ಹತ್ತಬೇಡಿ."

ಫೋನ್ ಇಟ್ಟ ಮೇಲೆ ಅತ್ತಳು. ಕೆಲಸ ಹೋದರೆ ಹೋಗಲಿ ಎನ್ನುವಷ್ಟು ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು ನಕ್ಷೆಗೆ ಕೂತಳು, ಹಟಕ್ಕೆ. ಇಡೀ ದಿನ ಕೂತಳು. ಬಾಗಿಲಾಚೆ ಅತ್ತಿಗೆಯ ಹೆಜ್ಜೆ ಬಂದು ನಿಂತು ಹೋಗುತ್ತಿತ್ತು. ನಡುನಡುವೆ ಅಣ್ಣನ ಫೋನು. ಊಟ ಆಯ್ತಾ, ತಲೆನೋವಾ, ಯಾಕೆ ದನಿ ಹಾಗಿದೆ... ಆ ಪುಟ್ಟ ಕೋಣೆ ಗಂಟೆಗೊಂದು ಗೇಣು ಕಿರಿದಾಗುತ್ತಿದೆ ಎನಿಸಿತು.

ಗುರುವಾರ ಮಧ್ಯಾಹ್ನ, ಕೊನೆಯ ಹಾಳೆ ಬಿಡಿಸುವಾಗ ಕಂಪ್ಯೂಟರ್ ಮತ್ತೆ ತೆವಳತೊಡಗಿತು. ಹೊಸ ಮೆಮೊರಿ ಪಟ್ಟಿ ಹಾಕಿದ ಮೇಲೂ ಹೀಗೇಕೆ? ಕೈ ಗುದ್ದಲು ಎದ್ದಿತು. 'ಅದರದ್ದೇನೂ ತಪ್ಪಿಲ್ಲ' ಎನ್ನುವ ದನಿ ನೆನಪಾಗಿ ಕೆಳಗಿಳಿಯಿತು. ಅವನು ಕಲಿಸಿದಂತೆ ಮೂರು ಕೀಲಿ ಒತ್ತಿ, ಮೆಮೊರಿಯ ತಲೆಬರಹ ಒತ್ತಿದಳು.

ಅವಳ ನಕ್ಷೆಯ ಪಕ್ಕದಲ್ಲೇ, ಅದಕ್ಕೆ ಸರಿಸಮನಾಗಿ ತಿನ್ನುತ್ತ ಕೂತಿತ್ತು, ಪ್ರಿಂಟರ್ ಹೆಲ್ಪರ್. ಅವಳು ಒಂದು ಗೆರೆ ಎಳೆದಳು, ಅದು ಉಬ್ಬಿತು. ಸುಮ್ಮನೆ ಕೂತಳು, ಅದು ತಣ್ಣಗಾಯಿತು. ಇನ್ನೊಂದು ಗೆರೆ ಎಳೆದಳು. ಮತ್ತೆ ಉಬ್ಬಿತು.

ಇದು... ನನ್ನನ್ನು ನೋಡುತ್ತಿದೆಯಾ?

ಪ್ರಿಂಟರ್ ಇದೆಯಾ ಎಂದು ಕೇಳಿ ಅವನು ಮೂಕನಾದದ್ದು. ಇಲ್ಲಿ ಹೇಳಬೇಡಿ ಎಂದು ಸನ್ನೆ ಮಾಡಿದ್ದು. ಎಲ್ಲಿಂದ ಮಾತಾಡ್ತಿದೀರಿ ಎಂದು ಕೇಳಿದ್ದು. ಇನ್ನೊಂದೂ ಹೊಳೆಯಿತು. ಅಣ್ಣ ಹಾಸ್ಟೆಲಿನ ಮಾತೆತ್ತಿದ್ದನಲ್ಲ... ಹಾಸ್ಟೆಲಿನ ಸುದ್ದಿ ಅವಳು ರಿಪೇರಿಯವನಿಗೂ ಹೇಳಿರಲಿಲ್ಲ. ಇದೇ ಪರದೆಯ ಮೇಲೆ ಒಮ್ಮೆ ಹುಡುಕಿ ನೋಡಿದ್ದಳು, ಅಷ್ಟೆ.

ಆದರೂ ಬರಿಯ ಗುಮಾನಿಯ ಮೇಲೆ ಅಣ್ಣನನ್ನು ಕೇಳಲು ಮನಸ್ಸು ಬರಲಿಲ್ಲ. ಒಂದು ಖಾಲಿ ಹಾಳೆ ತೆರೆದು ಅದರಲ್ಲಿ ಹೀಗೆ ಟೈಪ್ ಮಾಡಿದಳು, 'ಎಡಗಣ್ಣು ತುಂಬ ನೋಯುತ್ತಿದೆ. ಕಣ್ಣಿನ ಡಾಕ್ಟರ ಹತ್ತಿರ ಹೋಗಬೇಕು.' ಉಳಿಸಲೂ ಇಲ್ಲ. ಅಳಿಸಿ ಎದ್ದಳು. ಕಣ್ಣು ಅವಳದು ಚೆನ್ನಾಗಿಯೇ ಇತ್ತು.

ಸಂಜೆ ಎಲ್ಲರೂ ಚಹಾಕ್ಕೆ ಕೂತಾಗ ಅಣ್ಣ ಅವಳ ಮುಖವನ್ನೇ ನೋಡುತ್ತಿದ್ದ. ಕಪ್ಪು ಕೆಳಗಿಟ್ಟು ಕೇಳಿದ, "ಎಡಗಣ್ಣು ನೋಯ್ತಿದೆಯಾ ಪುಟ್ಟಿ?"

ದೇವರೇ, ಕೇಳದೆ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು...

"ನಾನು ಯಾರಿಗೂ ಹೇಳಿಲ್ಲ ಅಣ್ಣ," ಎಂದಳು. "ಕಂಪ್ಯೂಟರಿಗೆ ಮಾತ್ರ ಹೇಳಿದ್ದೆ."

ಅತ್ತಿಗೆ ಇಬ್ಬರ ಮುಖವನ್ನೂ ನೋಡಿದಳು, ಏನೂ ತಿಳಿಯಲಿಲ್ಲ. ಆಮೇಲೆ ಅಣ್ಣ ತಲೆ ತಗ್ಗಿಸಿ ಎಲ್ಲ ಹೇಳಿದ. ಅದು ಅವನ ಕಚೇರಿಯ ಪ್ರೋಗ್ರಾಮು. ಅಲ್ಲಿ ಪ್ರತಿಯೊಬ್ಬ ನೌಕರನ ಪರದೆಯ ಚಿತ್ರ ಅದು ತೆಗೆದು ಮೇಲಿನವರಿಗೆ ಕಳಿಸುತ್ತದೆ. ಅವನ ಕೈಕೆಳಗಿನವರ ಚಿತ್ರ ಅವನಿಗೆ, ಅವನ ಚಿತ್ರ ಅವನ ಮೇಲಿನವನಿಗೆ. ಅದನ್ನೇ ತಂದು ಇಲ್ಲಿಯೂ ಹಾಕಿದ್ದ. ಎದ್ದು ಕಾಣದಿರಲಿ ಎಂದು ಬೇರೆ ಹೆಸರಿಟ್ಟಿದ್ದ.

ಅತ್ತಿಗೆ ಕಪ್ಪನ್ನು ಟಪ್ಪನೆ ಇಟ್ಟಳು. "ಬೇಲೀನೇ ಎದ್ದು ಹೊಲ ಮೇಯೋದು ಅಂದ್ರೆ ಇದೇ. ನಿಮ್ಮ ಕಚೇರೀನ ಕಚೇರೀಲೇ ಬಿಟ್ಟು ಬನ್ನಿ ಅಂತ ಎಷ್ಟು ಸಲ ಹೇಳಿದೀನಿ ನಿಮಗೆ?"

ಅವನು ತಂಗಿಯನ್ನೇ ನೋಡಿ ಹೇಳಿದ, "ಮದುವೆ ಗೊತ್ತಾಗಿದ್ದೋನು ಕೈಕೊಟ್ಟಾಗ ನೀನು ತಿಂಗಳುಗಟ್ಟಲೆ ಒಳಗೊಳಗೇ ಬೆಂದೆ. ಪಕ್ಕದ ಕೋಣೇಲಿದ್ದೆ ನಾನು. ನಿನ್ನನ್ನ ಆಸ್ಪತ್ರೆಗೆ ಎತ್ಕೊಂಡು ಓಡೋವರೆಗೂ ನಂಗೆ ಗೊತ್ತಾಗ್ಲಿಲ್ಲ. ಇನ್ನೊಂದು ಸಲ ಹಾಗಾಗಬಾರದು ಅಂತ..."

"ಒಂದು ಮಾತು ಕೇಳಬಹುದಿತ್ತಲ್ಲ?"

"ಕೇಳಿದ್ದೆ ಕಣೇ. ದಿನಾ ಕೇಳ್ತಿದ್ದೆ. ಚೆನ್ನಾಗಿದೀನಿ ಅಂತಿದ್ದೆ ನೀನು."

ಅದು ನಿಜವಾಗಿತ್ತು. ಅಪ್ಪ ಅಮ್ಮ ಹೋದ ಮೇಲೆ ತನಗೆ ಜಡೆ ಹಾಕಲು ಕಲಿತ ಅಣ್ಣ ಇವನು. ಇವನನ್ನು ದ್ವೇಷಿಸಲು ಅವಳಿಂದಾಗದು. ಆದರೆ ಇಲ್ಲಿ ಇರಲೂ ಆಗದು.

"ಆಗ ಸುಳ್ಳು ಹೇಳಿದ್ದು ನನ್ನ ತಪ್ಪು. ಈಗ ನಿಜ ಹೇಳ್ತೀನಿ ಕೇಳು. ನಂಗೆ ಇಲ್ಲಿ ಉಸಿರು ಕಟ್ಟುತ್ತೆ ಅಣ್ಣ."

ಅಣ್ಣ ಅತ್ತ. ಅವನು ಅಳುವುದನ್ನು ಅತ್ತಿಗೆಯೂ ಅವತ್ತೇ ಮೊದಲು ನೋಡಿದ್ದು.

ಶುಕ್ರವಾರ ಬೆಳಿಗ್ಗೆ ಅವಳು ತಂತಿಗಳನ್ನೆಲ್ಲ ಕಿತ್ತು, ಡಬ್ಬಿಯನ್ನು ಮಗುವಿನಂತೆ ಸೊಂಟಕ್ಕೇರಿಸಿಕೊಂಡು ಕೋಣೆಯಿಂದ ಹೊರಬಂದಳು. ಚಪ್ಪಲಿ ಮೆಟ್ಟಿದಳು. ಬಾಗಿಲ ಬಳಿ ಅಣ್ಣ ನಿಂತಿದ್ದ. ಇಡೀ ರಾತ್ರಿ ಮಲಗದ ಮುಖ.

"ಭಾರ ಇದೆ, ನಾನೇ..." ಎಂದು ಕೈ ಚಾಚಿದ. ಮಾತು ಅಲ್ಲಿಗೇ ನಿಂತಿತು. ಚಾಚಿದ ಕೈಯಿಂದ ಬಾಗಿಲ ಚಿಲಕ ತೆಗೆದು, ಪಕ್ಕಕ್ಕೆ ಸರಿದು ನಿಂತ.

ಅವಳು ಮೆಟ್ಟಿಲಿಳಿದಳು. ಬೀದಿಯಲ್ಲಿ ಹೊಲಿಗೆ ಅಂಗಡಿ, ಚಕ್ಕೆಯೆದ್ದ ಗೋಡೆ, ಸೈಕಲ್ಲಿಗೆ ಗಾಳಿ ಹಾಕುತ್ತಿದ್ದ ಮುದುಕ. ಸೊಂಟ ನೋಯುತ್ತಿತ್ತು, ತೋಳು ಬಿದ್ದುಹೋಗುತ್ತಿತ್ತು. ಆದರೂ ಎಲ್ಲಿಯೂ ಇಳಿಸಲಿಲ್ಲ.

ಅಂಗಡಿ ನಿಜಕ್ಕೂ ಗೂಡಿನಷ್ಟಿತ್ತು. ಹಳೆಯ ಮಾನಿಟರುಗಳನ್ನು ಸೂರಿನವರೆಗೆ ಪೇರಿಸಲಾಗಿತ್ತು, ಬೆಸುಗೆಯ ವಾಸನೆ, ಒಂದೇ ಒಂದು ಸ್ಟೂಲು. ಅವಳನ್ನು ಕಂಡವನೇ ಅವನು ಸ್ಟೂಲಿನಿಂದ ಎದ್ದು, ಡಬ್ಬಿ ತೆಗೆದುಕೊಳ್ಳಲೋ ಬೇಡವೋ ಎಂದು ಕೈ ಕಟ್ಟಿ ನಿಂತ. ಅವಳೇ ಮೇಜಿನ ಮೇಲಿಟ್ಟಳು.

"ನಮ್ಮ ಮನೇಲಿ ಪ್ರಿಂಟರ್ ಇಲ್ಲ," ಎಂದಳು. ಹೇಳುತ್ತಲೇ ಕಣ್ಣು ತುಂಬಿತು.

ಅವನಿಗೆ ಅಷ್ಟೇ ಸಾಕಾಯಿತು. ಅದು ಪರದೆ ನೋಡುವುದಲ್ಲದೆ ಮೈಕನ್ನೂ ತೆರೆದಿಟ್ಟುಕೊಂಡಿತ್ತು, ಮೂಲೆಯಲ್ಲಿ ಅದರ ಗುರುತು ಕಂಡಿತ್ತು, ಅಲ್ಲಿ ಹೇಳಿದ್ದರೆ ಹಾಕಿದವರಿಗೇ ಕೇಳುತ್ತಿತ್ತು ಎಂದು ವಿವರಿಸಿದ. ಹಾಕಿದ್ದು ಅಣ್ಣನೋ, ಅತ್ತಿಗೆಯೋ, ಹೊರಗಿನವರೋ, ಅದೂ ಅವನಿಗೆ ಗೊತ್ತಿರಲಿಲ್ಲ. ಹಾಗಾಗಿ ಅವಳ ಕಿವಿಗೆ ಮಾತ್ರ ಹೇಳಬೇಕಿತ್ತು.

"ನಾನು ಬಾಯಿಗೆ ಬಂದದ್ದೆಲ್ಲ ಅಂದೆ ನಿಮಗೆ. ನೀವು ತಿರುಗಿ ಒಂದು ಮಾತೂ ಆಡ್ಲಿಲ್ಲ."

"ಆಡಿದ್ರೆ ಪೆಟ್ಟು ನಿಮಗೆ ಬೀಳ್ತಿತ್ತು. ಬೈಸ್ಕೊಂಡ್ರೆ ನಂಗೇನು ಸವೆದುಹೋಗಲ್ಲ."

ನಕ್ಷೆಯನ್ನು ಬೇರೆ ಕಡೆ ತೆಗೆದಿಟ್ಟು, ಉಳಿದದ್ದನ್ನೆಲ್ಲ ಅಳಿಸಿ, ಬೇಕಾದ ಪ್ರೋಗ್ರಾಮುಗಳನ್ನು ಹೊಸದಾಗಿ ತುಂಬಿಕೊಟ್ಟ. ಅವನ ಸ್ಟೂಲಿನ ಮೇಲೆ ಕೂತು ಅವಳು ಕೊನೆಯ ಹಾಳೆ ಮುಗಿಸಿದಳು. ಅವನು ನಿಂತೇ ಇದ್ದ. ಸಂಜೆ ಬಿಸಿಲು ಇಳಿಯುವ ಮೊದಲು ಶಾಲೆ ತನ್ನ ಅಷ್ಟೂ ಕಿಟಕಿಗಳೊಂದಿಗೆ ಬೇರೆ ಊರಿಗೆ ಹೊರಟುಹೋಯಿತು.

"ಇನ್ನೊಂದು ಕೆಲಸ ಉಳಿದಿದೆ," ಎಂದ ಅವನು. "ಆನ್ ಆದ ತಕ್ಷಣ ಏನೇನು ತಾನಾಗೇ ಶುರುವಾಗಬೇಕು?"

"ಏನೂ ಬೇಡ. ಬೇಕಾದ್ದನ್ನ ನಾನೇ ತೆರೀತೀನಿ."

ಅವನು ತಲೆಯಾಡಿಸಿ ಎಲ್ಲ ಬಂದ್ ಮಾಡಿದ. ಅವಳಿಗೆ ಇನ್ನೊಂದು ಮಾತು ಕೇಳಬೇಕಿತ್ತು. ಕೇಳದೆ ಹೋದರೆ ಜೀವನವಿಡೀ ಕೊರೆಯುತ್ತದೆ ಎನಿಸಿತು.

"ಅಂಗಡಿಗೆ ಬನ್ನಿ, ಹೇಳೋದಿದೆ ಅಂದಿದ್ರಲ್ಲ. ಎರಡು ಸಲವೂ ಇದೇ ವಿಷಯಕ್ಕಾ?"

ಅವನು ಜೇಬಿನ ಬ್ರಷ್ಷು ತೆಗೆದು ಧೂಳೇ ಇಲ್ಲದ ಕೀಬೋರ್ಡನ್ನು ಗುಡಿಸತೊಡಗಿದ. ಕಿವಿ ಕೆಂಪಾಗಿತ್ತು.

"ಮೊದಲನೇ ಸಲ ಇದಕ್ಕೇ. ಎರಡನೇ ಸಲ... ಇದೊಂದಕ್ಕೇ ಅಲ್ಲ."

ಹೊರಗೆ ಯಾರದೋ ಸೈಕಲ್ ಗಂಟೆ ಬಾರಿಸಿತು.

"ಕೆಲಸ ಸಿಕ್ಕರೆ ನಾನು ಹೋಗಿಬಿಡ್ತೀನಿ. ತಡೀತೀರಾ?"

"ಇಲ್ಲ," ಎಂದ. ನೋವಾದದ್ದು ಮುಖದಲ್ಲಿ ಕಂಡಿತು, ಮುಚ್ಚಿಡಲಿಲ್ಲ. "ಹೋಗಿ. ಕಿಟಕಿ ಜಾಸ್ತಿ ಇಡಿ."

ಇಷ್ಟು ವರ್ಷದಲ್ಲಿ ಅವಳಿಗೆ 'ಹೋಗು' ಎಂದ ಮೊದಲ ಮನುಷ್ಯ. ಅವನನ್ನು ಬಿಟ್ಟು ಹೋಗಲು ಅವಳಿಗೆ ಮನಸ್ಸೇ ಬರಲಿಲ್ಲ. ಆದರೂ ಹೋಗುತ್ತಾಳೆ, ಅದು ಅವಳಿಗೂ ಗೊತ್ತು, ಅವನಿಗೂ ಗೊತ್ತು.

"ಅಲ್ಲಿ ಇದು ಕೆಟ್ಟು ನಿಂತ್ರೆ?"

"ಫೋನ್ ಮಾಡಿ. ಬರ್ತೀನಿ."

"ಕೆಡದೇ ಇದ್ರೆ?"

ಬ್ರಷ್ಷು ನಿಂತಿತು. ಅವನು ಮೊದಲ ಸಲ ಅವಳ ಕಣ್ಣನ್ನು ನೇರವಾಗಿ ನೋಡಿದ.

"ಬರಬಹುದಾ?"

ಅವಳು ನಕ್ಕಳು. ಕಣ್ಣೀರು ಒರೆಸಿಕೊಳ್ಳುತ್ತಲೇ ನಕ್ಕಳು.

"ಬನ್ನಿ. ಬೇರೆಯವರನ್ನ ಕಳಿಸ್ಬೇಡಿ. ನೀವೇ ಬನ್ನಿ... ಒಬ್ಬರೇ ಬನ್ನಿ."